ಕರಿಕೆಗೆ ನೀರು ಹೊತ್ತ ಎರಡು ವರ್ಷ

ನಮ್ಮ ಊರಿನಲ್ಲಿ ಹಳ್ಳದ ನೀರು ಯಾರಿಗೆ ಸೇರಬೇಕು ಎಂಬುದನ್ನು ಕಾಲು ನೋಡಿ ತೀರ್ಮಾನಿಸುತ್ತಿದ್ದರು. ಮಸ್ಕಿಯಿಂದ ಪಾಮನಕಲ್ಲೂರಿನ ಕಡೆಗೆ ಹೋಗುವ ಗಾಡಿದಾರಿ ಬಿಟ್ಟು ಒಂದು ಹರದಾರಿ ಒಳಗಿದ್ದ ಊರು ಅದು. ಹಳ್ಳದ ಈಚೆ ದಂಡೆಗೆ ಏಳು ಮನೆತನದ ಏಳು ಹೊಲ. ಮಳೆಗಾಲ ಮುಗಿದು ಹಳ್ಳ ಇಳಿದ ಮೇಲೆ, ಕಾರ್ತಿಕದ ಮೊದಲ ಸೋಮವಾರ, ಏಳೂ ಮನೆಯವರು ಸೇರಿ ಮೇಲುಗಡೆ ಜಾಲಿಮುಳ್ಳು, ಕಲ್ಲು, ಉಸುಕು ಹಾಕಿ ಹಳ್ಳಕ್ಕೆ ಒಡ್ಡು ಕಟ್ಟುತ್ತಿದ್ದರು. ಒಡ್ಡಿನಿಂದ ಹೊರಟ ಒಂದು ಕಾಲುವೆ ಏಳೂ ಹೊಲಗಳ ತಲೆಯ ಮೇಲೆ ಹಾದುಹೋಗುತ್ತಿತ್ತು. ಏಳು ಹೊಲ, ಏಳು ವಾರ. ನಿಮ್ಮ ವಾರದ ದಿನ ಹೊತ್ತು ಹುಟ್ಟಿ ಹೊತ್ತು ಮುಳುಗುವ ತನಕ ಕಾಲುವೆಯ ನೀರು ನಿಮ್ಮದು. ಇದಕ್ಕೆ ಪಾಳಿ ಎನ್ನುತ್ತಿದ್ದರು.

ಪಾಳಿ ಬೇಕಾದವರು ಆ ಸೋಮವಾರ ಗಂಗೆಪೂಜೆಯ ಹೊತ್ತಿಗೆ ತಮ್ಮ ಹೊಲದ ಅಂಚಿಗೆ ಬಂದು ನಿಲ್ಲಬೇಕು. ಒಂದು ಕಾಲು ಸ್ವಂತ ಹೊಲದಲ್ಲಿ, ಇನ್ನೊಂದು ಕಾಲು ಹಳ್ಳದ ಹರಿಯುವ ನೀರಿನಲ್ಲಿ. ಹಾಗೆ ನಿಂತವರ ವಾರವನ್ನು ಪಂಚರು ಕೂಗಿ ಹೇಳಿ ಕೈಗೆ ಒಂದು ಹೋಳು ತೆಂಗಿನಕಾಯಿ ಕೊಡುತ್ತಿದ್ದರು. ಹಾಗೆ ನಿಲ್ಲಲಾರದವರ ಹೊಲ ಹಳ್ಳದ ಹೊಲವಲ್ಲ, ಅವರ ವಾರ ಕೆಳಗಿನ ಹೊಲದವರಿಗೆ ಹೋಯಿತು. ಕಾಗದ, ಮೊಹರು, ಪಟವಾರಿ ಯಾವುದೂ ಇದರಲ್ಲಿ ಬರುತ್ತಿರಲಿಲ್ಲ. ಕೊಡದಲ್ಲಿ ತುಂಬಿ ತಲೆಯ ಮೇಲೆ ಹೊತ್ತ ನೀರಿಗೆ ಮಾತ್ರ ಯಾವ ಹಕ್ಕೂ ಬೇಕಿರಲಿಲ್ಲ. ಅದನ್ನು ಯಾರು ಬೇಕಾದರೂ, ಎಷ್ಟು ಬೇಕಾದರೂ ಹೊರಬಹುದಿತ್ತು. ಹೊರುವವರು ಹೆಂಗಸರಾದ್ದರಿಂದ ಅದರ ಬಗ್ಗೆ ಗಂಡಸರು ಉದಾರವಾಗಿದ್ದರು.

ಈ ನಿಯಮ ಮಾಡಿದವರು ಉದ್ದ ಕಾಲಿನವರು ಎಂದು ನನಗೆ ಮೊದಲಿನಿಂದಲೂ ಅನುಮಾನ. ನಮ್ಮವ್ವ ಗಿಡ್ಡಿ. ಜೋಳದ ಬೆಳೆಯೊಳಗೆ ಹೊಕ್ಕಳೆಂದರೆ ತಲೆ ಕಾಣುತ್ತಿರಲಿಲ್ಲ, ಬೈಗುಳ ಮಾತ್ರ ಕೇಳುತ್ತಿತ್ತು. ಅಪ್ಪ ತೀರಿದ ಮೇಲೆ ಎರಡು ವರ್ಷ ಅವಳೇ ಗಂಗೆಪೂಜೆಗೆ ನಿಂತಿದ್ದಳು. ಆಗ ಹಳ್ಳ ನಮ್ಮ ದಂಡೆಯನ್ನು ನೆಕ್ಕಿಕೊಂಡೇ ಹರಿಯುತ್ತಿದ್ದುದರಿಂದ ಅವಳ ಎತ್ತರದ ಪ್ರಶ್ನೆ ಬಂದಿರಲಿಲ್ಲ. ನಾನೊಬ್ಬಳೇ ಮಗಳು. ನಮ್ಮ ಕೆಳಗಿನ ಹೊಲ ಚಿಕ್ಕಪ್ಪನದು, ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ. ನಮ್ಮದು ಗುರುವಾರದ ಪಾಳಿ, ಅವನದು ಶುಕ್ರವಾರದ್ದು.

ರಜಾಕಾರರ ಗಲಾಟೆಯ ವರ್ಷ ಅವ್ವ ನನ್ನನ್ನು ಕರೆದುಕೊಂಡು ತುಂಗಭದ್ರೆಯ ಆಚೆ ದಂಡೆಯಲ್ಲಿದ್ದ ತನ್ನ ತವರಿಗೆ ಹೋದಳು. ಮದುವೆಗೆ ಬಂದ ಮಗಳನ್ನು ಇಟ್ಟುಕೊಂಡು ಗಂಡುದಿಕ್ಕಿಲ್ಲದ ಮನೆಯಲ್ಲಿ ಇರುವುದು ಬೇಡವೆಂದು ಚಿಕ್ಕಪ್ಪನೇ ಗಾಡಿ ಹೂಡಿ ಹೊಳೆಯ ತನಕ ಬಿಟ್ಟು ಬಂದ. ನಾವಿಲ್ಲದಾಗ ನಮ್ಮ ಎತ್ತುಗಳನ್ನೂ ಅವನೇ ಮೇಯಿಸಿದ. ಈ ಮಾತನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅವನನ್ನು ಬೈಯುವುದಿದೆ.

ನಿಜಾಮನ ಆಡಳಿತ ಮುಗಿಯಿತೆಂದು ಸುದ್ದಿ ಬಂದ ಮೇಲೆ ತಿರುಗಿ ಬಂದೆವು. ಮನೆಯ ಬೀಗ ಹಾಕಿದ ಹಾಗೇ ಇತ್ತು. ಬೀಸುಕಲ್ಲು ಇತ್ತು, ನೆಲದೊಳಗಿನ ಹಗೇವಿನಲ್ಲಿ ಜೋಳ ಇತ್ತು. ಹಳ್ಳ ಮಾತ್ರ ಇದ್ದಲ್ಲಿ ಇರಲಿಲ್ಲ. ಆ ಮಳೆಗಾಲದಲ್ಲಿ ಅದು ಆಚೆ ದಂಡೆಯನ್ನು ಕೊರೆದುಕೊಂಡು ಸರಿದು, ನಮ್ಮ ಹೊಲಕ್ಕೂ ನೀರಿಗೂ ನಡುವೆ ಹತ್ತು ಮೊಳ ಬರೀ ಉಸುಕು ಬಿಟ್ಟಿತ್ತು. ಉಳಿದ ಆರು ಹೊಲಗಳಿಗೆ ಏನೂ ಆಗಿರಲಿಲ್ಲ. ರಾಜ್ಯ ಬದಲಾದದ್ದು ಊರಿನ ಎಲ್ಲರಿಗೆ, ಹಳ್ಳ ಬದಲಾದದ್ದು ನಮಗೊಬ್ಬರಿಗೆ.

ಕಾರ್ತಿಕದ ಸೋಮವಾರ ಬಂತು. ಪಂಚರು ಐದು ಮಂದಿ ಮೇಲಿನ ಹೊಲದಿಂದ ಒಂದೊಂದಾಗಿ ಇಳಿದು ನಮ್ಮಲ್ಲಿಗೆ ಬಂದರು. ಅವ್ವ ಒಂದು ಕಾಲನ್ನು ಹೊಲದ ಅಂಚಿನಲ್ಲಿ ಊರಿ ಇನ್ನೊಂದನ್ನು ಉಸುಕಿನ ಮೇಲೆ ಚಾಚಿದಳು. ಆಮೇಲೆ ಇನ್ನಷ್ಟು ಚಾಚಿದಳು. ಹತ್ತು ಮೊಳ ಚಾಚುವ ಕಾಲು ಒಂಟೆಗೂ ಇರುವುದಿಲ್ಲ. ಪಂಚರು ಉಸುಕನ್ನು ನೋಡಿದರು, ನೀರನ್ನು ನೋಡಿದರು, ಅವ್ವನ ಕಾಲನ್ನು ನೋಡಬಾರದೆಂದು ಆಕಾಶ ನೋಡಿದರು. ಐವರಲ್ಲಿ ಎಲ್ಲರಿಗಿಂತ ದೊಡ್ಡವನಾದ ಹಿರಿಯಜ್ಜ, ಹಳ್ಳದ ಗಂಗವ್ವ ಮುಖ ತಿರುಗಿಸಿದ್ದಾಳೆ, ನಾವೇನು ಮಾಡಲಿಕ್ಕಾಗುತ್ತದೆ ಎಂದ. ಗುರುವಾರ ಚಿಕ್ಕಪ್ಪನಿಗೆ ಹೋಯಿತು.

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರಲು ಹೆಚ್ಚು ಹೊತ್ತು ಬೇಕಾಗುತ್ತಿರಲಿಲ್ಲ. ಹಳ್ಳದ ನೀರೇನು ಯಾರ ಅಜ್ಜನ ಗಂಟೂ ಅಲ್ಲ ಎಂದು ಎಲ್ಲರೂ ಕೇಳುವಂತೆ ಹೇಳಿದೆ. ಹಿರಿಯಜ್ಜ ಬೇಸರ ಮಾಡಿಕೊಳ್ಳದೆ, ಮೊದಲ ಒಡ್ಡು ಕಟ್ಟಿದವನು ತನ್ನ ಅಜ್ಜನೇ ಎಂದು ತಿಳಿಸಿ ಮುಂದಿನ ಹೊಲಕ್ಕೆ ಹೋದ.

ಚಿಕ್ಕಪ್ಪ ಅವತ್ತು ಸಂಜೆಯೇ ಮನೆಗೆ ಬಂದ. ಅವನದು ಕೆಟ್ಟ ಮಾತಲ್ಲ. ನೀರಿಲ್ಲದ ಹೊಲ ಇಟ್ಟುಕೊಂಡು ಹೆಣ್ಣುಮಕ್ಕಳಿಬ್ಬರು ಒದ್ದಾಡುವುದೇಕೆ, ಹೊಲ ನಾನು ಮಾಡುತ್ತೇನೆ, ನೀವಿಬ್ಬರೂ ನಮ್ಮ ಮನೆಯಲ್ಲಿ ಉಣ್ಣಿರಿ ಎಂದ. ನಿಯಮ ತಾನು ಮಾಡಿದ್ದಲ್ಲ, ತನಗೆ ಗುರುವಾರದ ಆಸೆಯೂ ಇಲ್ಲ ಎಂದ. ಆಸೆಯಿಲ್ಲದವನು ಆಗಲೇ ನಮ್ಮ ಹೊಲದ ತಲೆಯ ಮೇಲೆ ಹಾಯುವ ಕಾಲುವೆಯ ಹೂಳು ತೆಗೆದು ಬಂದಿದ್ದ. ಕೈಗೆ ಹಸಿಮಣ್ಣು ಇನ್ನೂ ಮೆತ್ತಿತ್ತು.

ಅವ್ವನಿಗೆ ಹೊಲ ಹೋಗುವುದಕ್ಕಿಂತ ಆ ಊಟದ ಹೆದರಿಕೆ ದೊಡ್ಡದಾಗಿತ್ತು. ಚಿಕ್ಕವ್ವ, ಎಂದರೆ ಅವನ ಹೆಂಡತಿ, ಒಳ್ಳೆಯ ಹೆಂಗಸು. ಆದರೆ ರೊಟ್ಟಿಯನ್ನು ಎಣಿಸಿ ಬುಟ್ಟಿಗೆ ಹಾಕಿ ಎಣಿಸಿ ತೆಗೆಯುತ್ತಿದ್ದಳು, ಮತ್ತು ಆ ಎಣಿಕೆಯನ್ನು ಬಾಯಿಬಿಟ್ಟು ಮಾಡುತ್ತಿದ್ದಳು. ಅವ್ವ ಅಂಥ ಮನೆಯ ಪಡಸಾಲೆಯಲ್ಲಿ ಕೂತು ಮೂರನೆಯ ರೊಟ್ಟಿಗೆ ಕೈ ಚಾಚುವುದನ್ನು ನನಗೂ ನೆನೆಸಿಕೊಳ್ಳಲು ಆಗುತ್ತಿರಲಿಲ್ಲ. ಅವಳು ಬಾಗಿಲಲ್ಲೇ ನಿಂತು ಮೈದುನನಿಗೆ ಹೇಳಿದಳು: "ಎರಡು ಕಾರ್ತಿಕ ತಡಿ ತಮ್ಮಾ. ಅಷ್ಟರಾಗ ನನಗ ನೀರು ಸಿಗಲಿಲ್ಲಂದ್ರ ಹೊಲ ನಿಂದು. ನಾನೂ ಬಂದು ನಿನ್ನ ಮನ್ಯಾಗ ಉಣ್ತೀನಿ."

ಮರುದಿನ ಅವನು ಇದನ್ನು ಪಂಚರ ಮುಂದೆಯೂ ಹೇಳಿಸಿದ. ಅವ್ವ ಹೇಳಿದಳು. ನಮ್ಮಲ್ಲಿ ಹೇಳಿದ ಮಾತು ಕಲ್ಲಿನ ಮೇಲೆ ಕೊರೆದಂತೆ, ಹೇಳದ ಮಾತು ಮಾತ್ರ ಬದಲಾಗುತ್ತಿತ್ತು.

ಅವ್ವ ಮೊದಲು ಹೋದದ್ದು ಲಿಂಗಸುಗೂರಿನ ಕಚೇರಿಗೆ. ಮಸ್ಕಿಯ ತನಕ ನಡೆದು, ಅಲ್ಲಿಂದ ಹತ್ತಿಯ ಗಾಡಿಯೊಂದರ ಹಿಂದೆ ಕೂತು ಹೋದೆವು. ಅಲ್ಲಿನ ಮುನಶಿ ಉರ್ದುವಿನಲ್ಲಿದ್ದ ಪಹಣಿ ತೆಗೆದು ಓದಿ, ನಿಮ್ಮ ಹೊಲ ಖುಷ್ಕಿ ಎಂದು ಬರೆದಿದೆ, ಖುಷ್ಕಿಗೆ ನೀರು ಏಕೆ ಎಂದು ಕೇಳಿದ. ಖುಷ್ಕಿ ಎಂದರೆ ಒಣಬೇಸಾಯದ ಭೂಮಿ. ನಮ್ಮ ಹಿರಿಯರು ಕಂದಾಯ ಉಳಿಸಲು ಏಳೂ ಹೊಲಗಳನ್ನು ಹಾಗೇ ಬರೆಸಿದ್ದರಂತೆ. ಅಷ್ಟು ವರ್ಷ ಅದು ಜಾಣತನವಾಗಿತ್ತು. ಹಳ್ಳ ಯಾರದು ಎಂದು ಅವ್ವ ಕೇಳಿದಳು. ಸರ್ಕಾರದ್ದು ಎಂದ. ಹಾಗಾದರೆ ಸರ್ಕಾರವೇ ಹೇಳಲಿ ಎಂದಳು. ಮುನಶಿ ಪಹಣಿ ಮುಚ್ಚಿ, "ಹಳೇ ಸರ್ಕಾರ ಎದ್ದು ಹೋಗ್ಯಾದವ್ವಾ, ಹೊಸಾದು ಇನ್ನಾ ಕುಂತಿಲ್ಲ. ಕುಂತ ಮ್ಯಾಲ ಬಾ" ಎಂದ. ಬರುವಾಗ ಹಳ್ಳದ ನಕಾಶೆ ತರಬೇಕೆಂದೂ ಹೇಳಿದ. ಅವ್ವ ಕಚೇರಿಯ ಕಟ್ಟೆಯ ಧೂಳಿನಲ್ಲಿ ಬೆರಳಿನಿಂದ ಹಳ್ಳ, ಒಡ್ಡು, ಏಳು ಹೊಲ ಎಲ್ಲ ಬರೆದು ತೋರಿಸಿದಳು. ಚೆನ್ನಾಗಿಯೇ ಬರೆದಿದ್ದಳು. ಅವನು ಬಗ್ಗಿ ನೋಡಿದ. ನಾವು ಇಳಿದು ಬರುವಾಗ ಜವಾನ ಕಟ್ಟೆ ಗುಡಿಸುತ್ತಿದ್ದ.

ಊರಿಗೆ ಬಂದವಳೇ ಅವ್ವ ಹಿರಿಯಜ್ಜನ ಮನೆಗೆ ಹೋದಳು. ನನ್ನನ್ನೂ ಕರೆದೊಯ್ದಳು, ಆದರೆ ಬಾಯಿ ಮುಚ್ಚಿಕೊಂಡಿರಬೇಕೆಂದು ಆಣೆ ಹಾಕಿಸಿದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ. ಹತ್ತು ಮೊಳ ಉಸುಕು ಬಂದಿದೆಯಲ್ಲ, ಅದು ಯಾರದು, ನನ್ನ ಹೊಲ ಎಲ್ಲಿಗೆ ಮುಗಿಯುತ್ತದೆ? ಹಿರಿಯಜ್ಜ ಅಡಿಕೆ ಜಗಿಯುತ್ತಿದ್ದ. ಉಸುಕು ಹಳ್ಳದ್ದು, ಅದರ ಮೇಲೆ ನೀನು ಮಣ್ಣು ತಂದು ಸುರಿದರೆ ಆ ಮಣ್ಣೂ ಹಳ್ಳದ್ದೇ ಎಂದು ಮೊದಲೇ ದಾರಿ ಮುಚ್ಚಿದ. ಆಮೇಲೆ ಅವಳನ್ನು ಕಳಿಸಲೆಂದು ಒಂದು ಹಳೆಯ ಮಾತು ಹೇಳಿದ: "ಹೊಲದ ಕರಿಕಿ ಎಲ್ಲೀತನಕ ಬೇರು ಬಿಟ್ಟದ, ಅಲ್ಲೀತನಕ ಹೊಲ. ಹಿಂದಿನವ್ರು ಹಂಗ ಹೇಳ್ಯಾರ." ಉಸುಕಿನಲ್ಲಿ ಕರಿಕೆ ಎಲ್ಲಿ ಬೇರು ಬಿಡುತ್ತದೆ ಎಂಬುದು ಅವನ ಲೆಕ್ಕ. ಅವ್ವ ಸೆರಗು ಹೊದ್ದು ಎದ್ದು ನಮಸ್ಕಾರ ಮಾಡಿ ಬಂದಳು.

ಕರಿಕೆ ಎಂದರೆ ಗಣಪತಿಗೆ ಏರಿಸುವ ಗರಿಕೆಹುಲ್ಲು. ಪೇಟೆಯವರಿಗೆ ಅದು ಪೂಜೆಯ ಸಾಮಾನು. ನಮ್ಮ ಎರೆಭೂಮಿಯ ಒಕ್ಕಲಿಗರಿಗೆ ಅದರಷ್ಟು ದೊಡ್ಡ ವೈರಿ ಇನ್ನೊಂದಿಲ್ಲ. ಒಮ್ಮೆ ಹೊಲಕ್ಕೆ ಹೊಕ್ಕರೆ ಮೊಳದಾಳ ಬೇರು ಬಿಟ್ಟು ಬೆಳೆಯನ್ನು ನುಂಗುತ್ತದೆ. ಬೇಸಿಗೆಯಲ್ಲಿ ಆಳು ಹಚ್ಚಿ ಗುದ್ದಲಿಯಿಂದ ಅಗೆಸಿ, ಒಂದೊಂದು ಗೆಣ್ಣನ್ನೂ ಆರಿಸಿ ಬದುವಿನ ಮೇಲೆ ಸುಡುತ್ತಾರೆ. ಕರಿಕೆ ಅಗೆದು ಅಗೆದು ನಡು ಬಾಗಿದವರು ಪ್ರತಿ ಮನೆಯಲ್ಲೂ ಇದ್ದರು. ಕರಿಕೆಯನ್ನು ನೆಟ್ಟು ನೀರುಣಿಸಿ ಬೆಳೆಸಿದವರು, ನನಗೆ ತಿಳಿದಂತೆ, ಈ ಭೂಮಿಯ ಮೇಲೆ ನಾವಿಬ್ಬರೇ.

ಹೊಲದ ಅಂಚಿನಿಂದ ಶುರು ಮಾಡಿದೆವು. ಉಸುಕಿನಲ್ಲಿ ಗೇಣಿಗೊಂದು ಕುಣಿ ತೋಡಿ, ಕುಣಿಗೆ ತಿಪ್ಪೆಗೊಬ್ಬರ ತುಂಬಿ, ಕರಿಕೆಯ ಗೆಣ್ಣು ಊರಿ, ಕೊಡದಿಂದ ನೀರು ಹಾಕುತ್ತಿದ್ದೆವು. ಹೊಲದ ಕರಿಕೆಯೇ ಹಬ್ಬಿ ಬರಬೇಕು, ಇಲ್ಲದಿದ್ದರೆ ಅದು ಹೊಲದ್ದಾಗುವುದಿಲ್ಲ ಎಂದು ಅವ್ವನಿಗೆ ದಿಗಿಲು. ಅದಕ್ಕೇ ಒಂದು ಸಾಲು ಬಳ್ಳಿಬಿಟ್ಟು ಹಿಂದಿನ ಸಾಲಿಗೆ ಹೆಣೆದುಕೊಂಡ ಮೇಲೆಯೇ ಮುಂದಿನ ಸಾಲಿಗೆ ಕೈ ಹಚ್ಚುತ್ತಿದ್ದಳು. ಬೆಳಿಗ್ಗೆ ಹತ್ತು ಕೊಡ, ಸಂಜೆ ಹತ್ತು ಕೊಡ. ಹೊಟ್ಟೆಗೆ ನಮ್ಮ ಹೊಲದ ಮೇಲುಭಾಗದಲ್ಲಿ ಸಜ್ಜೆ, ಜೋಳ ಬಿತ್ತುತ್ತಿದ್ದೆವು, ಮಳೆ ಕೊಟ್ಟಷ್ಟು ಬೆಳೆಯುತ್ತಿತ್ತು. ಉಳ್ಳಾಗಡ್ಡಿ, ಮೆಣಸಿನಕಾಯಿ ಹಾಕುತ್ತಿದ್ದ ಮಡಿಗಳು ಖಾಲಿ ಬಿದ್ದಿದ್ದವು. ಕಾಲುವೆಯ ನೀರು ಅವುಗಳ ಪಕ್ಕದಲ್ಲೇ ಗುಳುಗುಳು ಎನ್ನುತ್ತ ಚಿಕ್ಕಪ್ಪನ ಹೊಲಕ್ಕೆ ಹೋಗುತ್ತಿತ್ತು. ಗುರುವಾರ ಬಂದರೆ ಆ ಸಪ್ಪಳ ನನಗೆ ತಡೆಯಲಾಗುತ್ತಿರಲಿಲ್ಲ. ಒಂದು ಸಲ ಕಾಲುವೆಯನ್ನು ಒಡೆಯಲು ಸಲಿಕೆ ತೆಗೆದುಕೊಂಡಿದ್ದೆ. ಅವ್ವ ಸಲಿಕೆ ಕಸಿದುಕೊಂಡು ಕೈಗೆ ಕೊಡ ಕೊಟ್ಟಳು.

ಊರು ನಕ್ಕಿತು. ಕಳೆ ತೆಗೆಯುವ ಹೆಂಗಸರು ತಮ್ಮ ಹೊಲದಲ್ಲಿ ಅಗೆದ ಕರಿಕೆಯನ್ನು ಬುಟ್ಟಿಗಟ್ಟಲೆ ತಂದು, ತೊಗೊಳ್ಳವ್ವ ನಿನ್ನ ಬೀಜ ಎಂದು ನಮ್ಮ ಅಂಚಿಗೆ ಸುರಿದು ಹೋಗುತ್ತಿದ್ದರು. ಅವ್ವ ಅವರಿಗೆ ಕುಡಿಯಲು ನೀರು ಕೊಟ್ಟು ಕಳಿಸುತ್ತಿದ್ದಳು. ಸಾಲಗುಂದದಿಂದ ಬಂದಿದ್ದ ಅವಳ ದೊಡ್ಡಮ್ಮನ ಮಗಳು, ನಾವು ಕರಿಕೆಗೆ ಗೊಬ್ಬರ ಹಾಕುವುದನ್ನು ಒಂದು ದಿನವೆಲ್ಲ ನಿಂತು ನೋಡಿದಳು. ಎರಡನೆಯ ದಿನ ನನ್ನನ್ನು ಹಿತ್ತಲಿಗೆ ಕರೆದು, ಗಂಡ ಸತ್ತ ದುಃಖ ಕೆಲವರಿಗೆ ತಡವಾಗಿ ತಲೆಗೆ ಏರುತ್ತದೆ, ಸ್ವಾಮಿಗಳ ಹತ್ತಿರ ಒಂದು ದಾರ ಕಟ್ಟಿಸು ಎಂದಳು. ಗುರುಗುಂಟೆಯಿಂದ ನನ್ನನ್ನು ನೋಡಲು ಬಂದಿದ್ದವರು ಹೊಲಕ್ಕೆ ನೀರುಂಟೋ ಎಂದು ಕೇಳಿದರು. ಅವ್ವ, "ಬರಾಕತ್ತದ" ಎಂದಳು. ಅವರು ಉಪ್ಪಿಟ್ಟು ತಿಂದು, ಬಂದ ಮೇಲೆ ತಿಳಿಸಿರಿ ಎಂದು ಎದ್ದರು. ನನಗೇನೂ ದುಃಖವಾಗಲಿಲ್ಲ. ಹುಡುಗ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡಿದ್ದ.

ಕರಿಕೆಗೆ ಹಳ್ಳದ ದಿಕ್ಕೊಂದೇ ಅಲ್ಲ, ಎಲ್ಲ ದಿಕ್ಕೂ ಗೊತ್ತಿತ್ತು. ಅದು ಹಿಂದಕ್ಕೂ ನಡೆಯಿತು, ನಮ್ಮ ಹೊಲದೊಳಕ್ಕೆ. ಪಕ್ಕಕ್ಕೂ ನಡೆಯಿತು, ಚಿಕ್ಕಪ್ಪನ ಉಳ್ಳಾಗಡ್ಡಿ ಮಡಿಗೆ. ಅವನು ಕೈಯಲ್ಲಿ ಒಂದು ಹಿಡಿ ಹುಲ್ಲು ಹಿಡಿದುಕೊಂಡು ಬಂದು, ಅತ್ತಿಗಿ, ಇದು ನಿಮ್ಮದು, ನನ್ನ ಹೊಲಕ್ಕೆ ಬಂದಿದೆ ಎಂದು ದೂರು ಹೇಳಿದ. ಅವ್ವ ಅದನ್ನು ಇಸಿದುಕೊಂಡು ಬೇರು ನೋಡಿ, ಚೆನ್ನಾಗಿದೆ, ಇನ್ನಷ್ಟು ಇದ್ದರೆ ಕಿತ್ತು ಕೊಡು ಎಂದಳು. ಅವನಿಗೆ ಬೇರೆ ದಾರಿಯಿರಲಿಲ್ಲ. ಕಿತ್ತ ಕರಿಕೆಯನ್ನು ಬದುವಿನ ಮೇಲೆ ಬಿಟ್ಟರೆ ಮತ್ತೆ ಚಿಗುರುತ್ತದೆ, ಸುಡಲು ಮಳೆಗಾಲದಲ್ಲಿ ಒಣಗುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಬುಟ್ಟಿ ತುಂಬಿ ತಂದು ಕೊಡುತ್ತಿದ್ದ. ನಮ್ಮ ಹೊಲವನ್ನು ಹಳ್ಳಕ್ಕೆ ಮುಟ್ಟಿಸಲು ಅತಿ ಹೆಚ್ಚು ಬೀಜ ಕೊಟ್ಟವನು ಅವನೇ, ಮುಟ್ಟಬಾರದೆಂದು ಬಯಸಿದವನೂ ಅವನೇ. ಅವನಿಗೂ ಇದು ತಿಳಿದಿತ್ತು ಎಂದು ಕಾಣುತ್ತದೆ, ಬುಟ್ಟಿ ಇಳಿಸುವಾಗ ನಮ್ಮ ಮುಖ ನೋಡುತ್ತಿರಲಿಲ್ಲ.

ಮೊದಲ ಕಾರ್ತಿಕದ ಹೊತ್ತಿಗೆ ಕರಿಕೆ ನಾಲ್ಕು ಮೊಳ ನಡೆದಿತ್ತು, ಆರು ಮೊಳ ಉಳಿದಿತ್ತು. ಪಂಚರು ಬಂದಾಗ ಅವ್ವ ಕಾಲು ಚಾಚಲಿಲ್ಲ. ಹುಲ್ಲಿನ ಕೊನೆಯಲ್ಲಿ ಕೈಕಟ್ಟಿ ನಿಂತು, ಇದನ್ನು ಒಮ್ಮೆ ಕಿತ್ತು ನೋಡಿರಿ ಎಂದಳು. ಹಿರಿಯಜ್ಜ ಬಗ್ಗಿ ಒಂದು ಗೆಣ್ಣು ಹಿಡಿದು ಜಗ್ಗಿದ. ಬರಲಿಲ್ಲ. ಇನ್ನೊಬ್ಬನೂ ಜಗ್ಗಿದ. ಅವರು ಮುಖ ಮುಖ ನೋಡಿಕೊಂಡರು. ತಾನು ಆಡಿದ ಮಾತು ಹೀಗೆ ಬೇರು ಬಿಡುತ್ತದೆಂದು ಆ ಮುದುಕ ಎಣಿಸಿರಲಿಲ್ಲ. ಆದರೂ ತನ್ನ ಮಾತನ್ನು ನುಂಗುವ ಮನುಷ್ಯ ಅವನಲ್ಲ. ಇಲ್ಲಿತನಕ ಹೊಲ, ಇಲ್ಲಿಂದ ಮುಂದೆ ಹಳ್ಳ ಎಂದು ಕೋಲಿನಿಂದ ಗೆರೆ ಎಳೆದು ಹೋದ. ಅವತ್ತಿನಿಂದ ಊರು ನಗುವುದು ಕಡಿಮೆಯಾಯಿತು. ಚಿಕ್ಕಪ್ಪ ಬುಟ್ಟಿ ತರುವುದೂ ಕಡಿಮೆಯಾಯಿತು.

ಎರಡನೆಯ ವರ್ಷ ನಾವು ನಾಯಿಯಂತೆ ದುಡಿದೆವು. ಅದನ್ನು ಬೇರೆ ಹೇಗೆ ಹೇಳಬೇಕೋ ತಿಳಿಯದು. ಅವ್ವನ ನೆತ್ತಿಯ ಮೇಲೆ ಕೊಡದ ಸಿಂಬಿ ಇಡುವ ಜಾಗದಲ್ಲಿ ಕೂದಲು ಉದುರಿತು. ಭಾದ್ರಪದ ಮುಗಿಯುವ ಹೊತ್ತಿಗೆ ಕರಿಕೆ ನೀರಿಗೆ ಒಂದೂವರೆ ಮೊಳದ ತನಕ ಬಂದಿತ್ತು. ಅವ್ವನ ಕಾಲು ಎರಡು ಮೊಳಕ್ಕೆ ಸಲೀಸಾಗಿ ಎಟುಕುತ್ತಿತ್ತು. ಅವಳು ದಿನಾ ಸಂಜೆ ಯಾರೂ ಇಲ್ಲದಾಗ ನಿಂತು ನೋಡಿ, ನೀರಿನಲ್ಲಿ ಹೆಬ್ಬೆರಳು ಅದ್ದಿ ಬರುತ್ತಿದ್ದಳು. ದೀಪಾವಳಿಗೆ ಬಹಳ ಮೊದಲೇ ಉಳ್ಳಾಗಡ್ಡಿ ಬೀಜ ತಂದಿಟ್ಟಳು.

ದೀಪಾವಳಿಗೆ ಎಂಟು ದಿನ ಇರುವಾಗ ಅಕಾಲದ ಮಳೆ ಬಂತು. ಮೇಲೆ ಎಲ್ಲೋ ಬಿದ್ದ ಮಳೆ, ನಮ್ಮಲ್ಲಿ ನಾಲ್ಕು ಹನಿಯೂ ಇಲ್ಲ. ಹಳ್ಳ ಕೆಂಪಗೆ ಬಂದು ಒಂದೇ ಹಗಲಿನಲ್ಲಿ ಇಳಿಯಿತು. ಇಳಿಯುವಾಗ ನಮ್ಮ ಕರಿಕೆಯ ಕೊನೆಯ ಎರಡು ಮೊಳವನ್ನು ಚಾಪೆ ಸುತ್ತಿದ ಹಾಗೆ ಸುತ್ತಿ ಒಯ್ದಿತ್ತು. ನಾನು ಉಸುಕಿನ ಮೇಲೆ ಕೂತು ಅತ್ತೆ. ಹಳ್ಳಕ್ಕೆ ಕಲ್ಲು ಹೊಡೆದೆ. ಗಂಗವ್ವನಿಗೆ ಏನೇನು ಅಂದೆನೋ ಅದನ್ನು ಬರೆಯುವುದಿಲ್ಲ. ಅವ್ವ ಕೋಲಿನಿಂದ ಅಳೆದಳು. ಕರಿಕೆಯಿಂದ ನೀರಿಗೆ ಮೂರೂವರೆ ಮೊಳ. ಇನ್ನೊಮ್ಮೆ ಅಳೆದಳು. ಮೂರೂವರೆಯೇ.

ಅವತ್ತಿಗೆ ಗಂಗೆಪೂಜೆಯ ಸೋಮವಾರಕ್ಕೆ ಹನ್ನೊಂದು ದಿನವಿತ್ತು. ಹನ್ನೊಂದು ದಿನದಲ್ಲಿ ಕರಿಕೆ ಬೇರು ಬಿಡುವುದಿಲ್ಲ. ಚಿಕ್ಕವ್ವ ನಮಗಾಗಿ ಪಡಸಾಲೆಯ ಒಂದು ಮೂಲೆ ಸಾರಿಸಿ ಇಟ್ಟಿದ್ದಾಳೆಂದು ತಿಳಿಯಿತು. ನಾನು ಅವ್ವನಿಗೆ, ನನ್ನ ಕಾಲು ಉದ್ದ ಇದೆ, ನಾನು ನಿಲ್ಲುತ್ತೇನೆ ಎಂದೆ. ಮೂರೂವರೆ ಮೊಳಕ್ಕೆ ನನ್ನ ಕಾಲೂ ಸಾಲುತ್ತಿರಲಿಲ್ಲ. ಆದರೂ ಅವಳು ಅದನ್ನು ಹೇಳಲಿಲ್ಲ, ಹೊಲ ಯಾರ ಹೆಸರಿಗಿದೆಯೋ ಅವರೇ ನಿಲ್ಲಬೇಕು ಎಂದಳು. ಆ ಹನ್ನೊಂದು ದಿನವೂ ಅವಳು ಕೊಡ ಹೊರುವುದನ್ನು ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ಅವ್ವ ಹಳ್ಳದಲ್ಲೇ ಮುಳುಗಿ ಎದ್ದು, ಹಣೆಗೆ ವಿಭೂತಿ ಹಚ್ಚಿ, ಒದ್ದೆ ಸೀರೆಯಲ್ಲೇ ಬಂದು ಕರಿಕೆಯ ಕೊನೆಗೆ ನಿಂತಳು. ಕಾರ್ತಿಕದ ಚಳಿಗೆ ತುಟಿ ನಡುಗುತ್ತಿತ್ತು. ಪಂಚರು ಬಂದರು. ಹಿಂದೆ ಉಳಿದ ಆರು ಮನೆಯವರೂ ಬಂದರು, ಚಿಕ್ಕಪ್ಪನೂ ಬಂದ. ಅವತ್ತು ಮೇಲಿನ ಹೊಲಗಳ ಪಾಳಿಯನ್ನು ಬೇಗ ಬೇಗ ಕೂಗಿ ಎಲ್ಲರೂ ನಮ್ಮಲ್ಲಿಗೆ ಬಂದು ನಿಂತಿದ್ದರು. ಹಿರಿಯಜ್ಜ ಕರಿಕೆ ಜಗ್ಗಿ ನೋಡಿ, ಇಲ್ಲಿತನಕ ಹೊಲ ಹೌದು ಎಂದ. ಆಮೇಲೆ ಮುಂದಿನ ಉಸುಕನ್ನು ನೋಡಿದ. ನೋಡವ್ವ, ಚಾಚು ಎಂದು ಮೆಲ್ಲಗೆ ಹೇಳಿದ. ಅವನಿಗೂ ಪಾಪ ಅನ್ನಿಸಿತ್ತು.

ಅವ್ವ ಕಾಲು ಚಾಚಲಿಲ್ಲ. ಎರಡೂ ಪಾದಗಳನ್ನು ಕರಿಕೆಯ ಮೇಲೆ ಜೋಡಿಸಿ, ಕೈ ಮುಗಿದು, ಹಳ್ಳದ ಕಡೆಗೆ ಉದ್ದಕ್ಕೆ ಮಲಗಿಬಿಟ್ಟಳು.

ನಮ್ಮ ಕ್ಷೇತ್ರಗಳಲ್ಲಿ ಹರಕೆ ಹೊತ್ತವರು ದೀಡನಮಸ್ಕಾರ ಹಾಕುವುದನ್ನು ಎಲ್ಲರೂ ನೋಡಿರುತ್ತಾರೆ. ಒದ್ದೆಬಟ್ಟೆಯಲ್ಲಿ ನೆಲಕ್ಕೆ ಉದ್ದಂಡ ಮಲಗಿ, ಕೈ ಮುಟ್ಟಿದಲ್ಲಿ ಗೆರೆ ಎಳೆದು, ಎದ್ದು ಆ ಗೆರೆಯಿಂದ ಮತ್ತೆ ಮಲಗುತ್ತ ಗುಡಿ ಸುತ್ತುತ್ತಾರೆ. ಹಾಗೆ ಮಲಗಿದವರನ್ನು ತಡೆಯುವ ಹಾಗಿಲ್ಲ, ದಾಟುವ ಹಾಗಿಲ್ಲ. ಎದುರಿಗಿದ್ದವರು ಚಪ್ಪಲಿ ಬಿಟ್ಟು ಸರಿದು ನಿಲ್ಲಬೇಕು. ಐದೂ ಪಂಚರು, ಏನಾಯಿತೆಂದು ತಿಳಿಯುವ ಮೊದಲೇ, ಚಪ್ಪಲಿ ಬಿಟ್ಟು ಸರಿದು ನಿಂತಿದ್ದರು. ಅವ್ವನ ಪಾದ ಕರಿಕೆಯ ಮೇಲಿತ್ತು. ಮುಖ ಉಸುಕಿನಲ್ಲಿತ್ತು. ಚಾಚಿದ ಎರಡು ಕೈಗಳು ಮಣಿಕಟ್ಟಿನ ತನಕ ಹರಿಯುವ ನೀರಿನಲ್ಲಿದ್ದವು. ಗಿಡ್ಡಿಯಾದರೂ ಕೈ ಚಾಚಿ ಮಲಗಿದಾಗ ಅವಳು ನಾಲ್ಕು ಮೊಳ ಇದ್ದಳು.

ಪಂಚರಲ್ಲಿ ಒಬ್ಬ, ಇದು ನಮಸ್ಕಾರವಾಯಿತು, ನಿಂತ ಹಾಗೆ ಆಗಲಿಲ್ಲ, ನಿಯಮ ಕಾಲಿನದು ಎಂದು ತಕರಾರು ತೆಗೆದ. ಇನ್ನೊಬ್ಬ ಹೌದೆಂದ. ಹಿರಿಯಜ್ಜ ಬಗ್ಗಿ ಅವಳ ಕೈ ನೋಡಿದ. ನೀರು ಅವಳ ಬೆರಳುಗಳ ನಡುವೆ ಹರಿಯುತ್ತಿತ್ತು.

"ಕಾಲು ಹೊಲದಾಗ ಅದ. ಕೈ ನೀರಾಗ ಅದ" ಎಂದ ಅವನು. "ಕಾಲಿಗಿಂತ ಕೈ ಮ್ಯಾಲಿಂದು. ಗಂಗವ್ವಗ ಇಷ್ಟು ವರ್ಷ ಕಾಲು ತೋರಿಸಿ ನೀರು ಕೇಳಿದ್ವಿ, ನಮ್ದ ತಪ್ಪದ."

ಆದರೆ ಗುರುವಾರ ಈಗ ಚಿಕ್ಕಪ್ಪನದು. ಅವನ ಬಾಯಿಂದ ಬರದೆ ಅದು ತಿರುಗಿ ಬರುವಂತಿರಲಿಲ್ಲ. ಎಲ್ಲರೂ ಅವನ ಕಡೆ ನೋಡಿದರು. ಅವನು ಅವ್ವನ ತಲೆಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

"ಏಳ್ರಿ ಅತ್ತಿಗಿ, ಥಂಡಿ ಆದೀತು" ಎಂದ.

ಅವ್ವ ಮುಖ ಎತ್ತಲಿಲ್ಲ. "ನನ್ನ ಗುರುವಾರ ಕೊಟ್ಟೀಯೇನು?" ಎಂದಳು.

ಅವಳ ಸೆರಗು ಸರಿದು ಕೂದಲು ಉದುರಿದ ನೆತ್ತಿ ಅವನಿಗೆ ಕಂಡಿತು. ಅವನ ಮುಖ ಅಪ್ಪನ ಮುಖದ ಹಾಗೆಯೇ ಇತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

"ಕೊಟ್ಟೆ" ಎಂದ.

ಹಿರಿಯಜ್ಜ ಗುರುವಾರವನ್ನು ಅವ್ವನ ಹೆಸರಿಗೆ ಕೂಗಿದ. ಮುಂದಿನ ವರ್ಷ ಕೊನೆಯ ಹೊಲದ ಒಬ್ಬ ಬೊಜ್ಜಿನ ಮನುಷ್ಯ ತನಗೆ ಕಾಲು ಚಾಚಲು ಆಗುವುದಿಲ್ಲವೆಂದು ಮಲಗಿದ. ಅವನನ್ನು ನೋಡಿ ಇನ್ನಿಬ್ಬರು ಮಲಗಿದರು. ನಾನು ಮದುವೆಯಾಗಿ ಸಿಂಧನೂರಿನ ಕಡೆಗೆ ಹೋಗುವ ಹೊತ್ತಿಗೆ ಏಳೂ ಹೊಲದವರು ಒದ್ದೆಬಟ್ಟೆಯಲ್ಲಿ ಸಾಲಾಗಿ ಮಲಗುತ್ತಿದ್ದರು. ಇದು ಮುತ್ತಾತನ ಕಾಲದಿಂದ ಬಂದ ಪದ್ಧತಿ ಎಂದು ಮಕ್ಕಳಿಗೆ ಹೇಳುತ್ತಿದ್ದರು.

ಅವ್ವನಿಗೆ ಮಾತ್ರ ಅವತ್ತು ಏಳಲಿಕ್ಕಾಗಲಿಲ್ಲ. ಥಂಡಿಗೋ, ಎರಡು ವರ್ಷದ ಕೊಡಗಳಿಗೋ, ನಡು ಹಿಡಿದುಬಿಟ್ಟಿತ್ತು. ಚಿಕ್ಕಪ್ಪ ಮತ್ತು ಇನ್ನಿಬ್ಬರು ಎತ್ತಿಕೊಂಡು ಬಂದು ಮನೆಯಲ್ಲಿ ಹೊರಸಿನ ಮೇಲೆ ಮಲಗಿಸಿದರು. ಚಿಕ್ಕವ್ವ ಎಳ್ಳೆಣ್ಣೆ ಕಾಯಿಸಿ ತಿಕ್ಕಿದಳು. ರೊಟ್ಟಿಯನ್ನೂ ತಂದಿದ್ದಳು, ಎಣಿಸದೆ ತಂದಿದ್ದಳು. ಅವ್ವ ಎಣ್ಣೆ ತಿಕ್ಕಿಸಿಕೊಂಡಳು, ರೊಟ್ಟಿಗೆ ನಮ್ಮ ಒಲೆ ಹೊತ್ತಿಸು ಎಂದು ನನಗೆ ಹೇಳಿದಳು.

ಗುರುವಾರ ಬೆಳಿಗ್ಗೆ ಹೊರಸಿನ ಸಮೇತ ತನ್ನನ್ನು ಹೊಲಕ್ಕೆ ಒಯ್ಯಬೇಕೆಂದು ಹಟ ಹಿಡಿದಳು. ಒಯ್ದು ಬನ್ನಿಗಿಡದ ನೆರಳಿಗೆ ಇಳಿಸಿದರು. ಮಲಗಿದಲ್ಲಿಂದ ಅವಳಿಗೆ ಆಕಾಶ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹೊತ್ತು ಹುಟ್ಟಿದ ಕೂಡಲೇ ನಾನು ಕಾಲುವೆಯ ಬಾಯಿ ತೆಗೆದೆ. ನೀರು ಕಸ ಕಡ್ಡಿ ತಳ್ಳಿಕೊಂಡು, ಎರಡು ವರ್ಷ ಬಿರುಕು ಬಿಟ್ಟಿದ್ದ ಮಡಿಗೆ ಇಳಿಯಿತು. ಇಳಿದಷ್ಟನ್ನೂ ಬಿರುಕು ಕುಡಿಯುತ್ತಿತ್ತು, ಮುಂದಕ್ಕೆ ಬಿಡುತ್ತಿರಲಿಲ್ಲ. ಬಂತೇನು ಎಂದು ಅವ್ವ ಹೊರಸಿನಿಂದ ಕೂಗಿದಳು. ಬಂತು ಎಂದೆ. ಮತ್ತೆ ಕೂಗಿದಳು. ಬಂತು ಎಂದೆ. ನಂಬಲಿಲ್ಲ. ತಂದು ತೋರಿಸು ಎಂದಳು.

ನಾನು ಬೊಗಸೆಯಲ್ಲಿ ನೀರು ಹಿಡಿದುಕೊಂಡು ಓಡಿದೆ. ಅವಳು ಬೆರಳು ಅದ್ದಿದಳು. ಬೆರಳನ್ನು ಮೂಸಿ ನೋಡಿದಳು. ನನ್ನ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಇಲ್ಯಾಕ ತಂದಿ ಇಷ್ಟು ನೀರು?" ಎಂದಳು ಅವ್ವ. "ಹೊತ್ತು ಮುಳುಗೂತನಕ ಅಷ್ಟ ನಮ್ದು. ಹೋಗು, ಹೊಲಕ್ಕ ಹಾಕು."

ನಾನು ಬೊಗಸೆ ಬಿಚ್ಚದೆ ತಿರುಗಿ ಹೋಗಿ ಮಡಿಗೆ ಸುರಿದೆ.